ದಾರ ಕಟ್ಟಿದ ಗೂಡುಗಳು

ಮೂರನೆಯ ಗೂಡಿನ ಸರಳಿಗೆ ಕಟ್ಟಿದ್ದ ಕೆಂಪು-ಬಿಳಿ ದಾರ ಕಂಡಾಗ ತೆಮೆನುಗಾಗೆ ಮೊದಲು ಆದದ್ದು ಸಂತೋಷವೇ. ಮಾರ್ಚ್ ಒಂದನೇ ತಾರೀಕು, ವಸಂತವನ್ನು ಬರಮಾಡಿಕೊಳ್ಳುವ ದಾರದ ಹಬ್ಬ. ಬೆಳಿಗ್ಗೆ ಬಸ್ಸಿನಲ್ಲಿ ಎಲ್ಲರ ಮಣಿಕಟ್ಟಿನಲ್ಲೂ ಇಂಥದೇ ದಾರ ಇತ್ತು, ಚಾಲಕ ತನ್ನ ಕನ್ನಡಿಗೂ ಒಂದು ಕಟ್ಟಿಕೊಂಡಿದ್ದ, ಸಂಸ್ಥೆಯ ಬಾಗಿಲಲ್ಲಿ ಕಾವಲುಗಾರನ ಕೈಯಲ್ಲಿ ಬಳೆ ತೊಟ್ಟ ಹಾಗೆ ಮೊಣಕೈವರೆಗೆ ಇದ್ದವು. ಅವಳ ಹಳ್ಳಿಯಲ್ಲಾದರೆ ಈ ದಿನ ಎಳೆ ಕುರಿಮರಿಗಳ ಕೊರಳಿಗೂ, ಹೂ ಬಿಡಬೇಕಾದ ಪ್ಲಮ್ ಮರದ ಟೊಂಗೆಗೂ ಕಟ್ಟುತ್ತಾರೆ. ಚಳಿಗಾಲ ದಾಟಿ ಬಂದದ್ದೆಲ್ಲ ಗಟ್ಟಿಮುಟ್ಟಾಗಿ ಬಾಳಲಿ ಅಂತ. ಪ್ಲೊವ್‌ಡಿವ್ ಪಟ್ಟಣದ ನಡುವೆ, ನೆಲದಡಿಯ ಈ ಕೋಣೆಯಲ್ಲಿ ಇಲಿಮರಿಗಳನ್ನೂ ಯಾರೋ ಆ ಹಾರೈಕೆಗೆ ಸೇರಿಸಿಕೊಂಡಿದ್ದಾರಲ್ಲ ಎಂದು ಅವಳಿಗೆ ನಗು ಬಂತು. ಯಾರೋ ಏನು, ಇಲಿಗಳನ್ನು ನೋಡಿಕೊಳ್ಳುವ ಗಿನ್ಕಾಳೇ ಇರಬೇಕು. ಆ ನಗು ಮುಖದ ಮೇಲಿರುವಾಗಲೇ ನಾಲ್ಕನೆಯ ಗೂಡು ನೋಡಿದಳು. ದಾರವಿಲ್ಲ. ಐದಕ್ಕೂ ಇಲ್ಲ. ಆರಕ್ಕೆ ಇದೆ. ಸಾಲಿನ ಕೊನೆಯವರೆಗೆ ಕಣ್ಣು ಹಾಯಿಸಿದರೆ ಕೆಲವಕ್ಕೆ ಇದೆ, ಹೆಚ್ಚಿನವಕ್ಕೆ ಇಲ್ಲ. ಅವಳ ನಗು ಅಲ್ಲೇ ನಿಂತಿತು.

ಯಾವ ಗೂಡು ಯಾರದೆಂದು ಅವಳಿಗೆ ಗೊತ್ತಾಗಕೂಡದು. ಅವಳ ಕೆಲಸ ನಿಂತಿರುವುದೇ ಆ ಗೊತ್ತಿಲ್ಲದಿರುವುದರ ಮೇಲೆ. ಬಸುರಿ ಇಲಿಗಳಲ್ಲಿ ಮೂರು ಗುಂಪುಗಳಿದ್ದವು. ಒಂದು ಗುಂಪಿಗೆ ಮದ್ಯ ಬೆರೆಸಿದ ಹಾಲಿನಂಥ ಆಹಾರ, ಬೇಕಾದಷ್ಟು. ಇನ್ನೊಂದಕ್ಕೆ ಮಾಮೂಲಿ ಕಾಳು, ಅದೂ ಬೇಕಾದಷ್ಟು. ಇವೆರಡರ ನಡುವಿನದು ಮೂರನೆಯ ಗುಂಪು. ಮದ್ಯ ಕುಡಿದ ಇಲಿ ಹೊಟ್ಟೆ ತುಂಬ ತಿನ್ನುವುದಿಲ್ಲ. ಹಾಗಾಗಿ ಅದರ ಮರಿಯ ಮಿದುಳಿಗೆ ಆದ ಕೆಡುಕು ಮದ್ಯದ್ದೋ ಹಸಿವಿನದ್ದೋ ಎಂದು ಬೇರ್ಪಡಿಸಲು, ಕುಡಿಯುವ ಒಬ್ಬೊಬ್ಬಳಿಗೆ ಕುಡಿಯದ ಒಬ್ಬೊಬ್ಬಳನ್ನು ಜೋಡಿ ಮಾಡುತ್ತಾರೆ. ಕುಡಿದವಳು ಹಿಂದಿನ ದಿನ ಎಷ್ಟು ತಿಂದಳೋ ಅಷ್ಟನ್ನೇ, ಮದ್ಯದ ಬದಲು ಸಕ್ಕರೆ ಬೆರೆಸಿ, ಇವಳಿಗೆ ಅಳೆದು ಕೊಡುತ್ತಾರೆ. ಹುಟ್ಟಿದ ಮರಿಗಳನ್ನೆಲ್ಲ ಬೇರೆ ಸಾಕುತಾಯಂದಿರ ಮಡಿಲಲ್ಲಿ ಬೆಳೆಸಿ, ಗೂಡಿಗೆ ಬರಿಯ ಅಂಕೆ ಹಾಕಿ ತೆಮೆನುಗಾಳ ಮುಂದೆ ತರುತ್ತಾರೆ. ಅವಳು ಅವನ್ನು ಒಂದೊಂದಾಗಿ, ಹಾಲುಪುಡಿ ಕದಡಿದ ನೀರಿನ ದುಂಡು ತೊಟ್ಟಿಗೆ ಬಿಡಬೇಕು. ಬೆಳ್ಳಗಿನ ಆ ನೀರಿನ ಅಡಿಯಲ್ಲಿ ಒಂದು ಕಡೆ ಕಾಣದ ಮಣೆಯಿದೆ. ಕಳೆದ ದಿನಗಳಲ್ಲಿ ಮಣೆಯ ಜಾಗ ಕಲಿತ ಮರಿ ಇವತ್ತು ನೆಟ್ಟಗೆ ಅಲ್ಲಿಗೆ ಈಜುತ್ತದೆಯೋ, ಹುಡುಕಾಡುತ್ತದೆಯೋ, ಎಲ್ಲ ಮರೆತು ಗೋಡೆಗುಂಟ ಸುತ್ತುತ್ತದೆಯೋ ಎಂದು ನೋಡಿ ತೀರ್ಮಾನಿಸುವುದು ಅವಳ ಕಣ್ಣು. ಯಾವ ತಾಯಿಯ ಮರಿ ಯಾವ ಗೂಡಿನಲ್ಲಿದೆ ಎಂಬುದು ಗೊತ್ತಿದ್ದದ್ದು ಮೇಲಿನ ಮಹಡಿಯ ಪ್ರೊಫೆಸರ್ ಬೊಯಾಜಿಯೆವ್‌ಗೆ, ಮತ್ತು ಆ ತಾಯಂದಿರಿಗೆಲ್ಲ ದಿನಾ ಉಣಿಸಿದ ಗಿನ್ಕಾಗೆ.

ಗಿನ್ಕಾ ಬಾಯಿ ಬಿಡುವವಳಲ್ಲ. ಬಾಯಿ ಬಿಡಬಾರದೆಂದು ಹೇಳಿದ್ದರು, ಬಿಟ್ಟಿರಲಿಲ್ಲ. ಆದರೆ ದಾರದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಮಾರ್ಚ್ ಒಂದರಂದು ದಾರ ಕಟ್ಟಬೇಡ ಎಂದು ಹೇಳಬೇಕೆಂದು ಈ ದೇಶದಲ್ಲಿ ಯಾರಿಗೆ ತಾನೆ ಹೊಳೆಯುತ್ತದೆ? ಕರುಳು ಚುರುಕ್ಕೆಂದ ಕಡೆ ಕಟ್ಟಿದ್ದಾಳೆ, ಇನ್ನೇನು. ಕುಡುಕಿಯರ ಮಕ್ಕಳು ಪಾಪ ಎಂದು ಕಟ್ಟಿದ್ದಾಳೆ. ಇಷ್ಟನ್ನು ತೆಮೆನುಗಾ ಯೋಚಿಸಬೇಕಾಗಿಯೂ ಬರಲಿಲ್ಲ, ಅದು ತಾನಾಗಿಯೇ ತಲೆಯೊಳಗೆ ಬಂದು ಕೂತುಬಿಟ್ಟಿತು. ಕೂತದ್ದನ್ನು ಎಬ್ಬಿಸುವುದು ಹೇಗೆ? ಈಗಲೇ ಮೇಲೆ ಹೋಗಿ ಹೇಳಬೇಕು, ಅದು ನಿಯಮ. ಹೇಳಿದರೆ ಅವಳನ್ನು ಈ ಮರಿಗಳಿಂದ ದೂರ ಇಡುತ್ತಾರೆ; ವರ್ಷಗಟ್ಟಲೆ ಹೆಣಗಿದ ಡಾಕ್ಟರೇಟ್ ಪ್ರಬಂಧದ ಮುಖ್ಯ ಅಧ್ಯಾಯ ಕೈತಪ್ಪುತ್ತದೆ; ಮತ್ತೆ ಹೊಸ ಬಸುರಿಗಳು, ಹೊಸ ಮರಿಗಳು, ಮತ್ತೊಂದು ಚಳಿಗಾಲ. ಅವಳಿಗೆ ನಲವತ್ತೊಂದು. ಅವಳಿಗಿಂತ ಚಿಕ್ಕವರು ಪ್ರಬಂಧ ಮುಗಿಸಿ, ಹೂಗುಚ್ಛ ತೆಗೆದುಕೊಂಡು, ಫೋಟೋ ಹೊಡೆಸಿಕೊಂಡು ಹೋಗಿಯಾಗಿತ್ತು. ಆ ಫೋಟೋಗಳಲ್ಲೆಲ್ಲ ಅಂಚಿನಲ್ಲಿ ಹೂದಾನಿ ಹಿಡಿದು ನಿಂತವಳು ಇವಳೇ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನೋಡಲೇ ಇಲ್ಲ ಎಂದುಕೊಂಡರಾಯಿತು. ಹಾಗೆಂದುಕೊಂಡು ಮೂರನೆಯ ಗೂಡಿನ ಬಾಗಿಲು ತೆಗೆದು ಮರಿಯನ್ನು ಎತ್ತಿಕೊಂಡಳು. ಅದರ ಎದೆ ಅವಳ ಬೆರಳುಗಳ ನಡುವೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಮರಿ ನೀರಿಗೆ ಬಿದ್ದು, ಮೂಗು ಮೇಲೆತ್ತಿ, ಗೋಡೆಗುಂಟ ಸುತ್ತಿತು. ಇನ್ನೊಂದು ಸುತ್ತು. ಮಣೆಯ ಪಕ್ಕದಲ್ಲೇ ಹಾದುಹೋದರೂ ನಿಲ್ಲಲಿಲ್ಲ. ಅವಳಿಗೆ ಥಟ್ಟನೆ ತಮ್ಮ ಡೊಬ್ರಿಯ ನೆನಪಾಯಿತು. ಅವನನ್ನು ಬ್ರೆಡ್ ತರಲು ಕಳಿಸಿದರೆ ಯಾರದೋ ನಾಯಿ ಕಟ್ಟಿಕೊಂಡು ಬರುತ್ತಿದ್ದ. ಬ್ರೆಡ್ ಎಲ್ಲೋ ಎಂದರೆ, ನಿಜವಾಗಿ ಬೆರಗಾಗಿ, ಯಾವ ಬ್ರೆಡ್ ಎಂದು ಕೇಳುತ್ತಿದ್ದ. ಒಳ್ಳೆಯ ಹುಡುಗ, ಈಗಲೂ ಒಳ್ಳೆಯವನೇ, ಮೂವತ್ತೆಂಟು ದಾಟಿದರೂ ಹುಡುಗನೇ. ಅವನು ಹೊಟ್ಟೆಯಲ್ಲಿದ್ದ ಶರತ್ಕಾಲದಲ್ಲಿ ಅಮ್ಮ ಊರ ಭಟ್ಟಿಯಲ್ಲಿ ಕೆಲಸಕ್ಕಿದ್ದಳು. ಎಲ್ಲರೂ ತಂತಮ್ಮ ಕೊಳೆಸಿದ ಪ್ಲಮ್ ಹಣ್ಣು ತಂದು ಸರದಿಯ ಮೇಲೆ ರಾಕಿಯಾ ಎಂಬ ಸಾರಾಯಿ ಇಳಿಸುವ ಜಾಗ ಅದು. ಮೊದಲು ಇಳಿಯುವುದು ವಿಷ, ಚೆಲ್ಲಬೇಕು. ಎಲ್ಲಿಂದ ಒಳ್ಳೆಯದು ಶುರುವಾಯಿತು ಎಂದು ಹೇಳಲು ನಾಲಿಗೆ ಬೇಕು. ಅಮ್ಮನ ನಾಲಿಗೆಗೆ ಸುತ್ತಲ ಊರುಗಳಲ್ಲಿ ಹೆಸರಿತ್ತು. ಪೆನಾ ಬರಲಿ, ಪೆನಾ ನೋಡಿ ಹೇಳಲಿ ಎಂದು ಗಂಡಸರು ಅವಳಿಗಾಗಿ ಕಾಯುತ್ತಿದ್ದರು. ಬೆಳಗಿನಿಂದ ಕತ್ತಲವರೆಗೆ ಒಂದೊಂದು ಭಟ್ಟಿಯಿಂದ ಒಂದೊಂದು ಗುಟುಕು. ಡೊಬ್ರಿ ಹೀಗಾದದ್ದಕ್ಕೆ ಅದೇ ಕಾರಣವೋ ಅಲ್ಲವೋ ಯಾರಿಗೂ ಗೊತ್ತಿಲ್ಲ, ಅಮ್ಮ ಮಾತ್ರ ತನಗೆ ಗೊತ್ತಿದೆ ಎಂದುಕೊಂಡಿದ್ದಾಳೆ. ಒಮ್ಮೆ ಟಿವಿಯಲ್ಲಿ ಡಾಕ್ಟರೊಬ್ಬರು ಬಸುರಿಯರು ಕುಡಿಯುವುದರ ಬಗ್ಗೆ ಮಾತು ತೆಗೆದಾಗ ಅವಳು ಎದ್ದುಹೋಗಿ ಟಿವಿ ಆರಿಸಿ, ಆರಿದ ಪರದೆಯ ಧೂಳು ಒರೆಸುತ್ತ ನಿಂತಿದ್ದಳು. ತೆಮೆನುಗಾ ತನ್ನ ಕೆಲಸದ ಬಗ್ಗೆ ಮನೆಯಲ್ಲಿ, ಇಲಿಗಳ ನೆನಪಿನ ಶಕ್ತಿ ಪರೀಕ್ಷೆ ಮಾಡುತ್ತೇನೆ ಎಂದಷ್ಟೇ ಹೇಳಿದ್ದಾಳೆ. ಸುಳ್ಳಲ್ಲ. ಮರಿ ಇನ್ನೂ ಸುತ್ತುತ್ತಲೇ ಇತ್ತು. ಅದನ್ನೆತ್ತಿ, ಬಟ್ಟೆಯಲ್ಲಿ ಒರೆಸಿ, ದೀಪದಡಿ ಬೆಚ್ಚಗೆ ಬಿಟ್ಟು, ಮರೆತ ಮರಿ ಎಂದು ಗುರುತು ಹಾಕಿದಳು.

ಕೆಲಸ ಸಾಗಿತು. ತೆಮೆನುಗಾ ಸುಖವಾಗಿರುವ ಹೆಂಗಸು ಎಂದರೆ ಅವಳ ಸಹೋದ್ಯೋಗಿಗಳು ನಂಬಲಿಕ್ಕಿಲ್ಲ, ಆದರೆ ಈ ಬೆಚ್ಚನೆಯ ನೆಲಮಾಳಿಗೆಯಲ್ಲಿ, ಮರದ ಹೊಟ್ಟಿನ ವಾಸನೆಯಲ್ಲಿ, ಬೆಳ್ಳಗಿನ ನೀರಿನ ಮುಂದೆ ಅವಳು ಸುಖವಾಗಿಯೇ ಇರುತ್ತಿದ್ದಳು. ಇಲ್ಲಿ ಅವಳಿಂದ ಯಾರೂ ಏನೂ ಕೇಳುತ್ತಿರಲಿಲ್ಲ, ನೋಡು ಎಂಬುದೊಂದನ್ನು ಬಿಟ್ಟು. ಇವತ್ತು ಆ ನೋಡುವುದೇ ಕೆಟ್ಟುಹೋಗಿತ್ತು. ದಾರದ ಗೂಡಿನ ಮರಿ ಕೈಗೆ ಬಂದರೆ ಸಾಕು, ಅವಳ ಕೈ ತಾನಾಗಿಯೇ ಮೆತ್ತಗಾಗುತ್ತಿತ್ತು; ಅದು ನೀರಿಗಿಳಿಯುವ ಮೊದಲೇ ದಾರಿ ತಪ್ಪಲಿದೆ ಎಂದು ಗೊತ್ತಾಗಿಬಿಡುತ್ತಿತ್ತು, ಹಾಗೇ ಅದು ದಾರಿ ತಪ್ಪುತ್ತಿತ್ತು. ದಾರವಿಲ್ಲದ್ದು ತಡವರಿಸಿದರೆ ಚಳಿಗೆ ಬೆದರಿದೆ ಎಂದುಕೊಳ್ಳುವಳು. ದಾರ ಕಟ್ಟಿದ ಆರನೆಯ ಗೂಡಿನ ಮರಿಯೊಂದು ನೀರಿಗೆ ಬಿದ್ದದ್ದೇ ಬಿಟ್ಟ ಬಾಣದಂತೆ ನೆಟ್ಟಗೆ ಮಣೆಗೆ ಹೋಗಿ ಹತ್ತಿ ಕೂತು ಮೀಸೆ ತಿಕ್ಕಿಕೊಂಡಿತು. ತೆಮೆನುಗಾ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಆಕಸ್ಮಿಕವಾಗಿ ಸಿಕ್ಕಿತು ಎಂದು ಗುರುತು ಹಾಕಿದಳು. ಹಾಕಿದ ಮೇಲೆ ಕಿವಿ ಬಿಸಿಯಾಯಿತು. ಹಾಗೊಂದು ಗುರುತು ಇದೆ, ಅದನ್ನು ಅವಳು ಈವರೆಗೆ ಒಮ್ಮೆಯೂ ಬಳಸಿರಲಿಲ್ಲ.

ಊಟದ ಹೊತ್ತಿಗೆ ಅಮ್ಮ ಫೋನ್ ಮಾಡಿದಳು. ಹಬ್ಬದ ಶುಭಾಶಯ ಒಂದೇ ಉಸಿರಿಗೆ ಮುಗಿಸಿ ಡೊಬ್ರಿಯ ವಿಷಯಕ್ಕೆ ಬಂದಳು. ಅವನಿಗೆ ಹಲ್ಲುನೋವು, ಬರುವ ವಾರ ಪಟ್ಟಣಕ್ಕೆ ಕಳಿಸುತ್ತೇನೆ, ನಿನ್ನ ಮನೆಯಲ್ಲೇ ಇರಲಿ, ನೀನು ಅಡುಗೆಮನೆಯಲ್ಲಿ ಮಲಗಿಕೋ, ಅವನಿಗೆ ಬೆನ್ನು ಹಿಡಿಯುತ್ತದೆ. ದೊಣ್ಣೆಮೆಣಸಿನಕಾಯಿ ಹಾಕಬೇಡ, ಮುಟ್ಟುವುದಿಲ್ಲ. ಬೀನ್ಸ್ ಕಾಳಿನ ಸಾರು ಮಾಡಿದರೆ ಪುದೀನಾ ಜಾಸ್ತಿ ಹಾಕು. ಮೀನು ಸಿಕ್ಕರೆ ಮುಳ್ಳು ತೆಗೆದು ಕೊಡು. ತೆಮೆನುಗಾ ಎಲ್ಲಕ್ಕೂ ಹ್ಞೂಂ ಎನ್ನುತ್ತ, ಒಂದು ಕೈಯಲ್ಲಿ ಮನೆಯಿಂದ ತಂದ ಬ್ರೆಡ್ಡು ಮತ್ತು ಬಿಳಿ ಚೀಸು ತಿನ್ನುತ್ತಿದ್ದಳು. ಮನೆಯಲ್ಲಿ ತಟ್ಟೆಗಳು ಹೇಗಿರುತ್ತಿದ್ದವು ಎನ್ನುವುದು ಅವಳ ಕಣ್ಣಮುಂದೆ ಬಂತು: ಮೊದಲು ಡೊಬ್ರಿಯದು, ಅವನು ಹಟ ಮಾಡಿ ಮಾಡಿ ತಿಂದು ಮುಗಿಸುವವರೆಗೆ ಇವಳು ಕಾಯಬೇಕು. ಅವನು ಜ್ವರ ಬಂದು ಬರಿಯ ಮೊಸರು ತಿಂದ ದಿನಗಳಲ್ಲಿ ಇಡೀ ಮನೆಗೆ ಮೊಸರೇ. ತಮ್ಮ ತಿನ್ನದೆ ಮಲಗಿರುವಾಗ ನಿನಗೆ ಗಂಟಲಲ್ಲಿ ಹೇಗೆ ಇಳಿಯುತ್ತೆ ಎಂದು ಅಮ್ಮ ಕೇಳುತ್ತಿದ್ದಳು, ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. ಇಳಿಯುತ್ತಿತ್ತು, ಆದರೆ ಹಾಗೆ ಹೇಳುವಂತಿರಲಿಲ್ಲ. ಕೊನೆಗೆ ಇಳಿಯದಿರುವುದನ್ನೇ ಕಲಿತಳು. ಯಾರ ಮೇಲೂ ದೂರಿಲ್ಲ, ಅವಳು ಆರೋಗ್ಯವಾಗಿ ಬೆಳೆದಳು, ಓದಿದಳು. ಅಮ್ಮ ಇವಳ ಬಗ್ಗೆ ನೆರೆಯವರಿಗೆ ಹೇಳುತ್ತಿದ್ದದ್ದು ಒಂದೇ ಮಾತು, ಅವಳದ್ದೇನೂ ಚಿಂತೆಯಿಲ್ಲ ಎಂದು. ಹೊಗಳಿಕೆಯೆಂದೇ ತೆಮೆನುಗಾ ತಿಳಿದಿದ್ದಳು.

ಮಧ್ಯಾಹ್ನದ ಸರದಿಗೆ ಮೊದಲು ದಾರಗಳನ್ನು ತೆಗೆಸಿಬಿಡಬೇಕೆಂದು ಅವಳು ಗಿನ್ಕಾಳನ್ನು ಹುಡುಕಿಕೊಂಡು ಹೋದಳು. ಕಳ್ಳಬುದ್ಧಿಯೇ ಅದು: ದಾರ ಹೋದರೆ ತಪ್ಪೂ ಹೋದೀತು ಎಂದು. ಗಿನ್ಕಾ ತೊಳೆಯುವ ಕೋಣೆಯಲ್ಲಿ ತೋಳು ಮಡಿಸಿ ಬಟ್ಟಲು ಉಜ್ಜುತ್ತಿದ್ದಳು. ಅರವತ್ತರ ಗಟ್ಟಿ ಹೆಂಗಸು, ಇಲ್ಲಿಗೆ ಬರುವ ಮೊದಲು ತಂಬಾಕಿನ ಹೊಲಗಳಲ್ಲಿ ದುಡಿದವಳು, ಇಲಿಗಳನ್ನು ಹೆಸರಿಟ್ಟು ಬೈಯುವವಳು. ದಾರ ತೆಗಿ ಎಂದದ್ದಕ್ಕೆ ಮೂಗು ಮುರಿದಳು. ಕೊಕ್ಕರೆ ಕಾಣಿಸಿಕೊಳ್ಳುವ ಮೊದಲು, ಗಿಡ ಹೂ ಬಿಡುವ ಮೊದಲು ದಾರ ಬಿಚ್ಚುವುದುಂಟೇ, ಓದಿದವರಿಗೆ ಇಷ್ಟೂ ಗೊತ್ತಿಲ್ಲವೇ ಎಂದಳು. ತೆಮೆನುಗಾ, ಹಾಗಲ್ಲ, ಕುಡಿದ ಇಲಿಗಳ ಮರಿ ಯಾವುವೆಂದು ನನಗೆ ಗೊತ್ತಾಗಬಾರದಿತ್ತು, ನೀನು ಅವಕ್ಕೆ ಮಾತ್ರ ದಾರ ಕಟ್ಟಿದರೆ ಗೊತ್ತಾಗದೆ ಇರುತ್ತದೆಯೇ ಎಂದು ಬಿಡಿಸಿ ಹೇಳಿದಳು. ಗಿನ್ಕಾಳ ಕೈ ಬಟ್ಟಲಿನಲ್ಲೇ ನಿಂತಿತು. ತಪ್ಪು ಅರಿವಾಗಿ ಅಲ್ಲ. ಇಂಥ ಮಾತು ಇವಳ ಬಾಯಲ್ಲಿ ಬಂತಲ್ಲ ಎಂದು ಅವಳಿಗೆ ಬೇಸರವಾಗಿತ್ತು.

"ಕುಡುಕಿಯರ ಮಕ್ಕಳಿಗೆ ನಾನ್ಯಾಕವ್ವ ಕಟ್ಲಿ?" ಎಂದಳು. "ಅವುಕ್ಕೆ ನೀವೆಲ್ಲ ಇದೀರಲ್ಲ. ಇಡೀ ಮೇಲಿನ ಮಹಡಿ ದಿನಾ ಅವುಗಳ ಮಾತೇ ಆಡುತ್ತೆ. ನಾನು ಕಟ್ಟಿದ್ದು ಹಸ್ಕೊಂಡಿದ್ದೋರ ಮಕ್ಕಳಿಗೆ."

ಗಿನ್ಕಾ ತನ್ನ ಪಾಡಿಗೆ ಹೇಳುತ್ತ ಹೋದಳು. ಕುಡಿಯುವವು ಕುಡಿದು ಮಲಗುತ್ತಿದ್ದವು, ಅವಕ್ಕೆ ಹಸಿವೂ ಇಲ್ಲ ಎಂಥದೂ ಇಲ್ಲ. ಕಾಳು ತಿನ್ನುವವು ತಿಂದು ಮಲಗುತ್ತಿದ್ದವು. ನಡುವಿನವಕ್ಕೆ ಆಹಾರ ಇಟ್ಟರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಖಾಲಿ, ಆಮೇಲೆ ಬರಿದಾದ ಗಾಜಿನ ಬಟ್ಟಲು ನೆಕ್ಕುವುದು, ಮಾರನೆಯ ದಿನದವರೆಗೂ ನೆಕ್ಕುವುದು, ಇವಳು ಒಳಗೆ ಬಂದರೆ ಎದ್ದು ನಿಂತು ಮುಖ ನೋಡುವುದು. ಒಂದೆರಡು ಹನಿ ಹೆಚ್ಚು ಹಾಕೋಣವೆಂದರೆ ಅಳತೆ ಕೆಡುತ್ತದೆ, ಹಾಕಲಿಲ್ಲ. ದೇವರಾಣೆ ಹಾಕಲಿಲ್ಲ.

"ಪಕ್ಕದೋಳು ಎಷ್ಟು ತಿಂತಾಳೋ ಇವಳಿಗೂ ಅಷ್ಟೇ," ಎಂದಳು ಗಿನ್ಕಾ. "ಕುಡಿದಿದ್ದು ಅವಳು, ಹೊಟ್ಟೆ ಸುಟ್ಕೊಂಡಿದ್ದು ಇವಳು. ಇವಳು ಮಾಡಿದ್ದೇನು ಹೇಳು? ಒಂದು ದಾರಾನಾದ್ರೂ ಕಟ್ಟೋಣ ಅನ್ನಿಸ್ತು, ಕಟ್ದೆ."

ಬಟ್ಟಲು ಉಜ್ಜುವ ಸದ್ದು ಮತ್ತೆ ಶುರುವಾಯಿತು. ತೆಮೆನುಗಾ ತೊಟ್ಟಿಯ ಕೋಣೆಗೆ ಹಿಂದಿರುಗಿ ಸ್ಟೂಲಿನ ಮೇಲೆ ಕೂತಳು. ಬೆಳಗಿನಿಂದ ಮಾಡಿದ್ದೆಲ್ಲ ಒಂದೊಂದಾಗಿ ಎದುರಿಗೆ ಬಂದು ನಿಂತಿತು, ಅವಳಿಗೆ ನಾಚಿಕೆಯಾಯಿತು. ದಾರದ ಮರಿಗಳನ್ನು ಅವಳು ಕುಡುಕಿಯರ ಮರಿಗಳೆಂದು ನೋಡಿದ್ದಳು, ಅವು ಕುಡುಕಿಯರ ಮರಿಗಳಂತೆ ಈಜಿದ್ದವು. ನಿಜಕ್ಕೂ ಈಜಿದ್ದವೋ, ಇವಳೇ ಈಜಿಸಿದ್ದಳೋ? ಆರನೆಯ ಗೂಡಿನ ಆ ಜಾಣ ಮರಿಗೆ ಆಕಸ್ಮಿಕ ಎಂಬ ಹಣೆಪಟ್ಟಿ ಹಚ್ಚಿದ್ದಳು. ಅದಕ್ಕೆ ತನ್ನ ದಾರಿ ಗೊತ್ತಿತ್ತು, ಅಷ್ಟೇ. ಹಸಿದ ಹೊಟ್ಟೆಯಿಂದ ಹುಟ್ಟಿಯೂ ಗೊತ್ತಿತ್ತು. ಅದರ ಬಗ್ಗೆ ಅವಳಿಗೆ ಎಂಥ ಅಕ್ಕರೆ ಉಕ್ಕಿತೆಂದರೆ, ಎದ್ದುಹೋಗಿ ಗೂಡಿನ ಸರಳಿಗೆ ಬೆರಳು ಇಟ್ಟಳು, ಮರಿ ಬಂದು ಮೂಸಿ, ತಿನ್ನುವಂಥದೇನೂ ಅಲ್ಲವೆಂದು ತಿಳಿದು ಹಿಂದೆ ಹೋಯಿತು. ನಾಚಿಕೆಯ ಕೆಳಗೆ ಇನ್ನೇನೋ ಇತ್ತು, ಅದು ನೋವೆಂದು ಅವಳು ಮೊದಲು ತಿಳಿದಳು. ಅಲ್ಲ. ಯಾರೋ ತನ್ನನ್ನು ಹೆಸರು ಹಿಡಿದು ಕರೆದ ಹಾಗಿತ್ತು. ಮೂರು ಗುಂಪುಗಳ ನಡುವೆ ಇಷ್ಟು ವರ್ಷ ಓಡಾಡಿದ್ದಾಳೆ, ತಮ್ಮನನ್ನು ಒಂದು ಗುಂಪಿನಲ್ಲಿ ಕಂಡಿದ್ದಾಳೆ, ಅವನಿಗಾಗಿ ಕಣ್ಣು ಒದ್ದೆ ಮಾಡಿಕೊಂಡಿದ್ದಾಳೆ. ನಡುವಿನ ಗುಂಪಿನ ಕಡೆ ಮುಖ ಹಾಕಿಯೂ ನೋಡಿರಲಿಲ್ಲ. ಅಲ್ಲಿದ್ದವಳು ತಾನೇ: ಕುಡಿಯದ ಮನೆಮಗಳು, ಜೊತೆಯವನು ತಿಂದಷ್ಟನ್ನೇ ತಿಂದವಳು, ಚಿಂತೆಯಿಲ್ಲದವಳು. ಅಲ್ಲಿ ಕೂತೇ ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು, ನಗು ಸ್ವಲ್ಪ ಹೆಚ್ಚೇ ಬಂತು. ಇಷ್ಟು ಸರಳವಾದದ್ದು ತಿಳಿಯಲು ಇಷ್ಟು ಇಲಿಗಳು ಬೇಕಾಯಿತೇ? ಆಮೇಲೆ ಕೋಟು ಕಳಚಿ ತೂಗುಹಾಕಿ ಮೇಲಿನ ಮಹಡಿಗೆ ಹೋದಳು.

ಪ್ರೊಫೆಸರ್ ಬೊಯಾಜಿಯೆವ್ ಕಿಟಕಿಯ ಬಳಿ ಚಹಾ ಕುಡಿಯುತ್ತಿದ್ದರು. ಮೊಮ್ಮಗಳು ಕಟ್ಟಿದ ದಾರಗಳಿಂದ ಅವರ ಗಡಿಯಾರ ಮುಚ್ಚಿಹೋಗಿತ್ತು. ಅವಳು ಬಾಗಿಲಲ್ಲೇ ನಿಂತು ಹೇಳಿದಳು: "ಸರ್, ನನ್ನನ್ನ ಈ ಮರಿಗಳಿಂದ ತೆಗೆದುಬಿಡಿ. ಯಾವ ಗೂಡು ಯಾರದು ಅಂತ ಬೆಳಿಗ್ಗೇನೇ ಗೊತ್ತಾಯ್ತು. ಗೊತ್ತಾದ ಮೇಲೂ ಗುರುತು ಹಾಕ್ದೆ."

ಅವರು ಲೋಟ ಕೆಳಗಿಟ್ಟರು. ಹೇಗೆ ಗೊತ್ತಾಯಿತು ಎಂದು ಕೇಳಿದರು. ಗೂಡಿಗೆ ದಾರ ಕಟ್ಟಿದೆ ಎಂದಳು, ಯಾರು ಕಟ್ಟಿದ್ದೆಂದು ಹೇಳಲಿಲ್ಲ. ಪ್ರೊಫೆಸರ್ ಹಣೆ ಹಿಡಿದುಕೊಂಡರು. ಬೆಳಿಗ್ಗೆ ಅವರೂ ಕೆಳಗೆ ಹೋಗಿದ್ದರಂತೆ, ಆ ದಾರಗಳನ್ನು ನೋಡಿದ್ದರಂತೆ, ಚೆನ್ನಾಗಿ ಕಾಣುತ್ತೆ ಎಂದು ಗಿನ್ಕಾಗೆ ಹೇಳಿಯೂ ಬಂದಿದ್ದರಂತೆ. ಬೇರೆ ಯಾವ ಬಣ್ಣದ ಬಟ್ಟೆಚೂರಾಗಿದ್ದರೂ ಕಿರುಚಾಡಿರುತ್ತಿದ್ದೆ, ಇದು ಕಣ್ಣಿಗೆ ಬಿದ್ದರೂ ಬಿದ್ದ ಹಾಗಾಗಲಿಲ್ಲ ಎಂದರು. ಗಿನ್ಕಾಗೆ ನಾಳೆ ಬೈಯೋಣ, ಇವತ್ತು ಹಬ್ಬ ಎಂದರು. ಬೇರೆ ಮಾತುಗಳನ್ನು ಅವರು ಮೆಲ್ಲಗೆ, ಕಷ್ಟಪಟ್ಟು ಹೇಳಿದರು. ತೊಟ್ಟಿಯ ಮೇಲಿನ ಕ್ಯಾಮೆರಾದಲ್ಲಿ ಸೆರೆಯಾದದ್ದು ಇದೆ, ಅದನ್ನು ವಾರ್ನಾ ಪಟ್ಟಣದ ಸಹೋದ್ಯೋಗಿಯೊಬ್ಬಳಿಗೆ ಕಳಿಸಿ ಮೊದಲಿನಿಂದ ನೋಡಿಸಬೇಕು, ಹಾಗಾಗಿ ಆ ಅಧ್ಯಾಯ ಅವಳದಾಗುತ್ತದೆ. ನಿನ್ನದು ಬರುವ ವಸಂತಕ್ಕೆ, ಹೊಸ ಮರಿಗಳೊಂದಿಗೆ. ತೆಮೆನುಗಾ ಹ್ಞೂಂ ಎಂದಳು. ಕಳೆದುಕೊಂಡದ್ದು ದೊಡ್ಡದು, ಅದು ಎದೆಯಲ್ಲಿ ಭಾರವಾಗಿ ಕೂತಿತು. ಆದರೂ ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರು ಹೊರಗೆ ಬಂತು.

"ನೀನು ಯಾವ ಗುಂಪು ಅಂದ್ಕೊಂಡೆ?" ಎಂದು ಅವರು ಕೇಳಿದರು, ಸುಮ್ಮನೆ ಕುತೂಹಲಕ್ಕೆ.

"ಕುಡಿದವರ ಮಕ್ಕಳು ಅಂದ್ಕೊಂಡೆ. ಅಲ್ಲ. ನಡುವಿನವು."

ಪ್ರೊಫೆಸರ್ ಹುಬ್ಬೇರಿಸಿದರು. ಅಂದರೆ ಉಪವಾಸದ ಮರಿಗಳು ಅಷ್ಟು ಕೆಟ್ಟದಾಗಿ ಈಜಿದವೇ ಎಂದು ಕೇಳಿದರು. ಅವು ಈಜಿದ್ದು ಹಾಗೋ, ನಾನು ನೋಡಿದ್ದು ಹಾಗೋ ಹೇಳಲಾರೆ ಎಂದಳು. ಅವರು, ಅವೂ ಪೂರ್ತಿ ಸರಿಯಾಗಿರುವುದಿಲ್ಲವೆಂದು ಅಲ್ಲಿ ಇಲ್ಲಿ ಓದಿದ ನೆನಪು ಎಂದರು. ಆಮೇಲೆ, ತಪ್ಪು ತಮ್ಮದೇ ಎಂಬ ಧ್ವನಿಯಲ್ಲಿ ಹೇಳಿದರು: "ಅವುಗಳ ಬಗ್ಗೆ ನಾವ್ಯಾರೂ ಬರೆಯೋದಿಲ್ಲ ತೆಮೆನುಗಾ. ಹೋಲಿಕೆಗೆ ಅಂತ ಇಟ್ಕೊಂಡಿರ್ತೀವಿ, ಅಷ್ಟೆ."

"ಬರುವ ವಸಂತಕ್ಕೆ ನಾನು ಬರೀತೀನಿ," ಎಂದಳು ಅವಳು. ಹೇಳಿದ ಮೇಲೆ ಅದು ತಾನು ಹೇಳಿದ್ದೇ ಎಂದು ಅವಳಿಗೇ ಆಶ್ಚರ್ಯವಾಯಿತು.

ಹೊರಗೆ ಇಳಿಬಿಸಿಲಿತ್ತು, ಮರಿತ್ಸಾ ನದಿಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಅವಳು ಬಸ್ಸಿಗೆ ಹೋಗದೆ ಸೇತುವೆಯ ಮೇಲೆ ನಡೆದು ಬಂದಳು. ಜನ ಕೆಲಸ ಬಿಟ್ಟು ಮನೆಗೆ ಹೋಗುತ್ತಿದ್ದರು, ಬೇಕರಿಯ ಬಾಗಿಲು ತೆರೆದು ಮುಚ್ಚುವಾಗಲೆಲ್ಲ ಬಿಸಿ ಬನಿತ್ಸಾದ, ಬೆಣ್ಣೆಯಲ್ಲಿ ಬೆಂದ ಪದರಗಳ ವಾಸನೆ ರಸ್ತೆಗೆ ಬರುತ್ತಿತ್ತು. ಅವಳಿಗೆ ಹಸಿವಾಗಿತ್ತು. ಅದನ್ನು ಅವಳು ಬಹಳ ದಿನಗಳ ಮೇಲೆ ಭೇಟಿಯಾದ ಪರಿಚಿತರನ್ನೆಂಬಂತೆ ನಿಂತು ಮಾತಾಡಿಸಿದಳು: ಹೌದು, ಹಸಿವಾಗಿದೆ. ತಮ್ಮನ ಮೇಲೆ ಸಿಟ್ಟಿಲ್ಲ, ಅಮ್ಮನ ಮೇಲೆ ಸಿಟ್ಟಿದೆಯೇ ಎಂದು ಹುಡುಕಿ ನೋಡಿದಳು, ಇದ್ದದ್ದು ಸಿಟ್ಟಿಗಿಂತ ಚಿಕ್ಕದು, ಹಳೆಯದು. ಡೊಬ್ರಿ ಬರಲಿ, ಅವನಿಗೆ ಹಾಸಿಗೆ ಕೊಡುತ್ತೇನೆ, ಮೀನಿನ ಮುಳ್ಳೂ ತೆಗೆಯುತ್ತೇನೆ. ಅದು ಬೇರೆ, ಇದು ಬೇರೆ. ಸೇತುವೆಯ ಕಟ್ಟೆಗೊರಗಿ ಅಮ್ಮನಿಗೆ ಫೋನ್ ಮಾಡಿದಳು. ಒಂದೇ ದಿನ ಎರಡನೆಯ ಸಲ ಮಗಳು ಮಾತಾಡುತ್ತಿದ್ದಾಳೆಂದು ಅಮ್ಮ ಗಾಬರಿಯಾದಳು. ಶನಿವಾರ ಊರಿಗೆ ಬರುತ್ತೇನೆ ಎಂದಳು ತೆಮೆನುಗಾ. ಡೊಬ್ರಿಯನ್ನು ಕರೆದುಕೊಂಡು ಹೋಗುವುದಕ್ಕೋ ಎಂದು ಅಮ್ಮ ಕೇಳಿದಳು. ಅಲ್ಲ ಎಂದಳು. ಹಾಗಾದರೆ ಕಾಯಿಲೆಯೋ, ಕೆಲಸ ಹೋಯಿತೋ, ಯಾರಾದರೂ ಏನಾದರೂ ಅಂದರೋ ಎಂದು ಅಮ್ಮ ಒಂದರ ಹಿಂದೊಂದು ಕೇಳುತ್ತ ಹೋದಳು.

"ಏನೂ ಆಗಿಲ್ಲಮ್ಮ. ಊಟಕ್ಕೆ ಬರ್ತೀನಿ. ನನಗೆ ಅಂತ ಅಡುಗೆ ಮಾಡು."

ಆ ಕಡೆ 'ಇದ್ದದ್ದರಲ್ಲಿ ಊಟ ಮಾಡಿದರಾಯಿತಲ್ಲ, ಡೊಬ್ರಿಗೆ ಮಾಡಿದ್ದು ಇರುತ್ತದಲ್ಲ' ಎಂದು ಶುರುವಾದ ಮಾತು ನಡುವೆ ನಿಂತುಹೋಯಿತು. ಸುತ್ತಲ ಊರುಗಳೆಲ್ಲ ನಂಬಿದ ಆ ನಾಲಿಗೆ ಏನನ್ನೋ ತಡಕಾಡುತ್ತಿತ್ತು. ಕೊನೆಗೆ ಬಹಳ ಸಂಕೋಚದಿಂದ, ಅಪರಿಚಿತರ ಮನೆಯ ಮಗುವನ್ನು ಕೇಳುವ ಹಾಗೆ, ಅಮ್ಮ ಕೇಳಿದಳು:

"ತೆಮಾ, ನಿನಗೆ ಏನಿಷ್ಟ?"

ತೆಮೆನುಗಾ ಹೇಳಲು ಬಾಯಿ ತೆರೆದಳು. ದೊಣ್ಣೆಮೆಣಸಿನಕಾಯಿ? ಬೀನ್ಸ್ ಕಾಳಿನ ಸಾರು? ಮೊಸರು? ಎಲ್ಲವೂ ಯಾರದೋ ತಟ್ಟೆಯವು. ನಲವತ್ತೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಅದು ಅವಳಿಗೆ ದುಃಖವೆನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮುಂದೆ ಎಷ್ಟೊಂದು ಇದೆ ಎನ್ನಿಸಿತು.

"ಗೊತ್ತಿಲ್ಲಮ್ಮ," ಎಂದಳು. "ಒಂದೊಂದಾಗಿ ಮಾಡು. ತಿಂದು ಹೇಳ್ತೀನಿ."

ಆ ಕಡೆ ಅಮ್ಮ ಮೂಗು ಒರೆಸಿಕೊಂಡ ಸದ್ದಾಯಿತು.

"ಹಂಗಾದ್ರೆ ಒಂದು ದಿನ ಸಾಲಲ್ಲ ಕಣೇ. ಭಾನುವಾರಾನೂ ಇರು."